ಮೇಡಂ ಊದಿದ ಸೀಟಿ

ಸಾಸಲು ಕಡೆಯ ಕೆರೆಯೊಂದರಲ್ಲಿ ಭಾನುವಾರ ನಮಗೆ ಕಯಾಕ್ ಕಲಿಸುತ್ತಿದ್ದ ಮೇಡಂ, ಉಳಿದ ದಿನ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಆ ಕಿರುದೋಣಿಯಲ್ಲಿ ಕೂರುವ ಮುಂಚೆ ಪ್ರತಿಯೊಬ್ಬರ ಲೈಫ್ ಜಾಕೆಟ್ಟನ್ನೂ ಭುಜದ ಹತ್ತಿರ ಹಿಡಿದು ಮೇಲಕ್ಕೆಳೆದು ನೋಡುವರು. "ನೀರಿಗೆ ನಾವ್ಯಾರು ಅಂತ ಗೊತ್ತಿಲ್ಲ ಕಣ್ರಪ್ಪ," ಎನ್ನುವರು.

ಒಮ್ಮೆ ನಮ್ಮನ್ನು ಹೊನ್ನಾವರದ ಕಡಲಿಗೆ ಕರೆದೊಯ್ದರು. ಹೊರಟಾಗ ಕಡಲು ಶಾಂತವಾಗಿತ್ತು. ಹಿಂತಿರುಗುವಾಗ ದಡದ ಕಡೆಯಿಂದ ಗಾಳಿ ಎದ್ದಿತು. ಎಷ್ಟು ಹುಟ್ಟು ಹಾಕಿದರೂ ದಡ ದೂರವಾಗುತ್ತಲೇ ಇತ್ತು. ಮೇಡಂ ಎಲ್ಲರ ದೋಣಿಗಳನ್ನೂ ಒತ್ತಟ್ಟಿಗೆ ತರಿಸಿ, ದೂರದಲ್ಲಿದ್ದ ಮೀನುಗಾರರ ದೋಣಿಯತ್ತ ತಿರುಗಿ ಸೀಟಿ ಊದತೊಡಗಿದರು.

"ಇನ್ನೊಂಚೂರು ಹುಟ್ಟು ಹಾಕಿದ್ರೆ ಸೇರ್ತೀವಿ ಮೇಡಂ. ಹೀಗೆ ಕರೆದ್ರೆ ಮರ್ಯಾದೆ ಹೋಗುತ್ತೆ," ಎಂದೆ.

"ನನ್ನ ತೋಳು ಸೋತುಹೋಗಿದೆ. ನಿಮ್ದೂ ಸೋತಿದೆ. ಜಾಕೆಟ್ಟಲ್ಲಿರೋ ಸೀಟಿ ತೆಗೆದು ನೀವೂ ಊದಿ," ಎಂದರು.

ಮೀನುಗಾರರು ಹಗ್ಗ ಕಟ್ಟಿ ನಮ್ಮನ್ನು ದಡಕ್ಕೆ ಎಳೆದು ತಂದರು. ಮೇಡಂ ಆ ಮೀನುಗಾರರಿಗೆ ಕೈಮುಗಿದು, ನಮ್ಮತ್ತ ತಿರುಗಿ ಹೇಳಿದರು: "ಗಾಳಿ ಹೀಗಾಗುತ್ತೆ ಅಂತ ನಂಗೆ ಗೊತ್ತಾಗ್ಲಿಲ್ಲ. ತಪ್ಪು ನಂದೇ."

ಮುಂದಿನ ಭಾನುವಾರ ಕೆರೆಗೆ ಹೊಸಬರು ಬಂದಿದ್ದರು. ಅವರಿಗೆ ಹುಟ್ಟು ಹಿಡಿಯಲು ಕಲಿಸುವ ಮೊದಲು ಮೇಡಂ ಇದನ್ನೆಲ್ಲ ಏನೂ ಬಿಡದೆ ಹೇಳಿದರು. ಅದನ್ನು ಕೇಳಿ, ಆ ಹೊಸಬರಲ್ಲಿದ್ದ ಗಂಡ ಹೆಂಡತಿ ಇಬ್ಬರು ಮುಖ ಮುಖ ನೋಡಿಕೊಂಡು ಎದ್ದು ಹೊರಟರು. ಮೇಡಂ ತಡೆಯಲಿಲ್ಲ, ಅವರ ಬೈಕಿನವರೆಗೂ ಹೋಗಿ ಕಳಿಸಿಕೊಟ್ಟು ಬಂದರು.