ಗಾಜಿನ ಪೊರೆ

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಶಹಾಪುರದ ನಮ್ಮ ಟೈಪಿಂಗ್ ಕ್ಲಾಸಿಗೆ ಒಂದು ಹಳೆಯ ಕಂಪ್ಯೂಟರ್ ಬಂತು. ಕೆಳಗೆ ಮಗ್ಗಗಳ ಸದ್ದು, ಮೇಲಿನ ಕೋಣೆಯಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಕಪ್ಪು ಗಾಜಿನೊಳಗೆ ಹಸಿರು ಅಕ್ಷರ ಮೂಡಿದ್ದನ್ನು ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತ್ತು. ಇಂಥ ಪವಾಡಕ್ಕೆ ಪೂಜೆ ಇಲ್ಲದಿದ್ದರೆ ಹೇಗೆ? ಖಂಡೇನವಮಿಯ ಆಯುಧಪೂಜೆಗೆ ಟೈಪ್‌ರೈಟರುಗಳ ಜೊತೆ ಅದರ ಗಾಜಿಗೂ ಮೂರು ಬೆರಳ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟೆ. ಮರುದಿನ ಹಸಿ ಅರಿವೆಯಿಂದ ಗಸಗಸ ತಿಕ್ಕಿದೆ. ಕುಂಕುಮದ ಜೊತೆ, ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಗಾಜಿಗೆ ಹಚ್ಚಿದ್ದ ಲೇಪವೂ ಅಲ್ಲಲ್ಲಿ ಎದ್ದಿತು. ಬರಬರುತ್ತ ಪರದೆಯೆಲ್ಲ ಮಬ್ಬಾಗಿ, 'ಓ' ಯಾವುದು, ಸೊನ್ನೆ ಯಾವುದು ಅನ್ನುವುದೇ ತಿಳಿಯದಾಯಿತು. ಭಕ್ತಿ ಅತಿಯಾದರೆ ಹೀಗೇ.

ಅದೇ ಹೊತ್ತಿಗೆ ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಡಮಾಡಿದರೆ ಕಣ್ಣೇ ಹೋದೀತೆಂದು ಡಾಕ್ಟರು ಹೇಳಿದ್ದರು. ಖಾನಾಪುರದಿಂದ ರೈಲಿನಲ್ಲಿ ನನ್ನ ಮನೆಯವರೆಗೆ ಬಂದವಳು ಆಪರೇಷನ್ ಮಾತ್ರ ಬೇಡವೆಂದಳು.

"ಪೊರಿ ಅಂದ್ರ ಕಣ್ಣಿನ ತೊಗಲು. ಅದನ್ನ ಸುಲದ್ರ ಕಣ್ಣ ಉಳೀತೈತೇನು?"

ನಾನು ಸಿಟ್ಟಾದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಅವಳದು ಒಂದೇ ಹಟ.

ಒಂದು ರವಿವಾರ ಮನೆಯಲ್ಲಿ ಒಬ್ಬಳೇ ಬೇಡವೆಂದು ಅವಳನ್ನೂ ಕ್ಲಾಸಿಗೆ ಕರೆದೊಯ್ದೆ. ಕಂಪ್ಯೂಟರಿನ ವಯರ್ ಕಿತ್ತಿಟ್ಟು, ಬಿಳಿ ಹಲ್ಲುಪುಡಿಯನ್ನು ನೀರಲ್ಲಿ ಕಲಸಿ, ಮೆತ್ತನೆಯ ಅರಿವೆಯಿಂದ ಉಳಿದ ಲೇಪ ತಿಕ್ಕತೊಡಗಿದೆ.

"ಏನ ಮಾಡಾಕತ್ತಿ?"

"ಇದರ ಪೊರಿ ತಗ್ಯಾಕತ್ತೀನಿ."

ಬಾಯಿತಪ್ಪಿ ಬಂದ ಮಾತು. ಅವ್ವ ದಡಕ್ಕನೆ ಎದ್ದು, ತಡವರಿಸುತ್ತ ಬಂದು ನನ್ನ ಕೈ ಹಿಡಿದಳು.

"ಬಿಡು, ಅದರ ಕಣ್ಣ ಹೋಗ್ತೈತಿ!"

ನಾನು ಅವಳ ಬೆರಳನ್ನೇ ಗಾಜಿನ ಮೇಲಿಟ್ಟೆ. ತಿಕ್ಕಿದ ಕಡೆ ನುಣುಪು, ತಿಕ್ಕದ ಕಡೆ ತರಿತರಿ. ಅವಳು ಸವರುತ್ತಲೇ ನಿಂತಳು. ಆಮೇಲೆ ಪೂರ್ತಿ ತಿಕ್ಕಿ, ಒರೆಸಿ, ಒಣಗಿಸಿ, ವಯರ್ ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದೆ. ಹಸಿರು ಅಕ್ಷರಗಳು ಆಗಷ್ಟೇ ಹುಟ್ಟಿದಂತೆ ಹೊಳೆಯುತ್ತ ಎದ್ದು ಬಂದವು. ಲೇಪ ಹೋದದ್ದರಿಂದ ಈಗ ಗಾಜಿನಲ್ಲಿ ಕಿಟಕಿಯೂ ನಮ್ಮಿಬ್ಬರ ಮುಖವೂ ಕಾಣುತ್ತಿದ್ದವು, ಕಂಡರೆ ಕಾಣಲಿ.

"ಈಗ ಅದಕ್ಕ ಕಾಣತೈತೇನು?" ಅಂದಳು.

"ಕಾಣತೈತಿ, ಅವ್ವಾ."

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಆತು, ನಡಿ ದವಾಖಾನಿಗೆ. ಆದ್ರ ಆ ಡಾಕ್ಟರಗ ಮೊದಲ ಹೇಳು, ನಮ್ಮವ್ವನ ಕಣ್ಣಿಗೆ ಹಲ್ಲಪುಡಿ ಹಚ್ಚಬ್ಯಾಡ್ರಿ ಅಂತ."