ಕರಿಕೋಟಿನ ಮಾಸ್ಟರ್

ಮಾತಾಡುವಾಗಲೂ ಮಾಸ್ಟರ್ ತುಟಿಯ ಎಡತುದಿಯಲ್ಲಿ ಎರಡು ಗುಂಡುಸೂಜಿ ಇರುತ್ತಿದ್ದವು. ನಕ್ಕರೂ ಬೀಳುತ್ತಿರಲಿಲ್ಲ. ಬಳ್ಳಾರಿಯ ವಕೀಲರಿಗೆ ಕರಿಕೋಟು ಹೊಲಿಯುತ್ತಿದ್ದವರು ಅವರು. ಗಾಂಧಿನಗರದಲ್ಲಿ ಅಂಗಡಿ, ಹಿಂದೆ ಒಂದು ಕೋಣೆ. ಇಪ್ಪತ್ತೈದರ ವಯಸ್ಸಿನಲ್ಲಿ ಕುರುಗೋಡಿನಿಂದ ಕೆಲಸಕ್ಕೆ ಹೋದ ನಾನು ಆ ಕೋಣೆಯಲ್ಲಿ ಅವರ ಜೊತೆ ಹತ್ತೊಂಬತ್ತು ವರ್ಷ ಬಾಳಿದೆ. ಬಾಳಿದೆ ಎಂದು ಬರೆಯುತ್ತಿರುವುದು ಇದೇ ಮೊದಲು.

ಎದುರುಮನೆಯಾಕೆ ಕೆಣಕುತ್ತಿದ್ದಳು: "ಮಾಸ್ಟರ್, ಇವಗೊಂದು ಹೆಣ್ಣು ನೋಡ್ರಿ."

"ನೋಡಾಕತ್ತೀನಿ ಅಕ್ಕಾರ, ಇವನ ಅಳತಿಗೆ ಒಂದೂ ಬರವಲ್ದು."

ಅವಳು ನಗುತ್ತಿದ್ದಳು. ನಾನು ಮಿಷನ್ನು ಜೋರಾಗಿ ತುಳಿಯುತ್ತಿದ್ದೆ.

ಒಮ್ಮೆ ಅಳತೆ ಕೊಡಲು ನಿಂತಿದ್ದ ಹಿರಿಯ ವಕೀಲರನ್ನು ಮಾಸ್ಟರ್, ಯಾರದೋ ವಿಷಯವೆಂಬಂತೆ ಕೇಳಿದರು: "ಗಂಡಸು ಗಂಡಸು ಕೂಡಿ ಬಾಳಿದ್ರ ಜೈಲಂತಲ್ರಿ, ಆ ಕಾನೂನು ಯಾರು ಬರದಿದ್ದು?"

"ಬ್ರಿಟಿಷರು ಮಾಸ್ಟರ್, ಅವರ ರಾಣಿ ಕಾಲದಾಗ. ಅಲ್ಲಿ ಮೊದಲು ಗಲ್ಲಿಗೇ ಹಾಕ್ತಿದ್ರು. ಅದರ ಹೆಸರು ಬಾಯಾಗ ತಂದ್ರೂ ಪಾಪ ಅಂತಿದ್ರು. ತಮ್ಮ ದೇಶದಾಗ ಎಂದೋ ತಗದು ಹಾಕ್ಯಾರ, ನಮಗ ಬಿಟ್ಟು ಹೋಗ್ಯಾರ."

ವಕೀಲರು ಹೋದ ಮೇಲೆ ಮಾಸ್ಟರ್ ಅಂದರು: "ಥಂಡಿ ದೇಶದ ಕೋಟಲೇ ಇದು. ಅವರು ಬಿಚ್ಚಿ ಒಗದ್ರು. ನಾವು ಈ ಬಿಸಲಾಗ ಗುಂಡಿ ಹಾಕ್ಕೊಂಡು ಕುಂತೀವಿ."

ಕೋರ್ಟು ಆ ಕಾನೂನು ಕಿತ್ತುಹಾಕಿದ ದಿನ ಅವರು ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನ ಕೈ ಹಿಡಿದರು. "ಇನ್ನ ನಾಕು ಮಂದಿಗೆ ಹೇಳೂಣೇನು?"

"ಈಗ ಬ್ಯಾಡ್ರಿ," ಎಂದೆ. ಅವರು ಮತ್ತೆಂದೂ ಕೇಳಲಿಲ್ಲ.

ಹೋದ ವರ್ಷ ಅವರ ಲಿವರ್ ಕೆಟ್ಟಿತು. ಡಾಕ್ಟರು ಕೈಬಿಟ್ಟ ಮೇಲೆ ಅವರ ತಮ್ಮ ಬಂದು ಸಿರುಗುಪ್ಪದ ಮನೆಗೆ ಕರೆದೊಯ್ದ. ಮರುದಿನ ಮೊದಲ ಬಸ್ಸಿಗೆ ನಾನೂ ಹೋದೆ. ಹತ್ತಿರ ಕುಳಿತು ಕೊನೆಯ ಗುಟುಕು ನೀರು ಹಾಕಬೇಕು, ನನಗೆ ಬೇಕಿದ್ದುದು ಅಷ್ಟೇ. ಬಾಗಿಲಲ್ಲಿ ತಮ್ಮ ತಡೆದ.

"ಮನಿ ಮಂದಿ ಅಷ್ಟ ಒಳಗ. ನೀವು ಅಣ್ಣಗ ಏನಾಗ್ಬೇಕ್ರಿ?"

ಅಲ್ಲಿ ಪೊಲೀಸರಿರಲಿಲ್ಲ. ಆ ಕಾನೂನೂ ಈಗ ಇರಲಿಲ್ಲ. "ಅಂಗಡ್ಯಾಗ ಕೆಲಸಕ್ಕ ಅದೀನ್ರಿ," ಎಂದೆ.

"ಹಂಗಾರ ಕಟ್ಟಿ ಮ್ಯಾಲ ಕುಂದರ್ರಿ. ಚಾ ಕಳಸ್ತೀನಿ."

ಕುಳಿತೆ. ಒಳಗಿನಿಂದ ಮಾಸ್ಟರ್ ಧ್ವನಿ ಕೇಳಿತು. ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಒಂದು ಸಲ, ಎರಡು ಸಲ, ಮೂರು ಸಲ.

"ಯಾರನ್ನ ಕರಿಯಾಕತ್ತಾರ?" ಎಂದು ಯಾರೋ ಹೆಂಗಸು ಕೇಳಿದಳು.

"ಯಾರೋ ಏನೋ, ಬಡಬಡಸಾಕತ್ತಾನ," ಎಂದ ತಮ್ಮ.

ನಾನು ಚಹಾದ ಲೋಟ ಹಿಡಿದು ಕುಳಿತೇ ಇದ್ದೆ. ನಾಲ್ಕನೆಯ ಸಲ ಅವರು ಕರೆಯಲಿಲ್ಲ.