ನೂರನೆಯ ಮನೆಯ ಬೆಲ್ಲ-ನೀರು

ನಿವೃತ್ತ ಬಸ್ ಕಂಡಕ್ಟರ್ ತ್ಯಾಂಪಣ್ಣನವರ ದಿಗ್ವಿಜಯಕ್ಕೆ ಆನೆ, ಕುದುರೆ ಇರಲಿಲ್ಲ; ಕೆಮ್ಮುವ ಸ್ಕೂಟರೊಂದಿತ್ತು. ಕಾಡುಮಾವಿನ ರುಚಿ ಹತ್ತಿದವರ ‘ಕಾಟುಮಾವು ಬಳಗ’ವೆಂಬ ವಾಟ್ಸಾಪ್ ಗುಂಪಿನ ಸದಸ್ಯರ ಮನೆಗಳನ್ನೆಲ್ಲ ಮುಟ್ಟುವುದೇ ಅವರ ಪಣ. ಪುತ್ತೂರು, ಸುಳ್ಯ, ಕಡಬದಲ್ಲಿ ಆಗಲೇ ತೊಂಬತ್ತೊಂಬತ್ತು ಜಗಲಿಗಳು ವಶವಾಗಿದ್ದವು. ಪ್ರತಿ ಮನೆಯ ಫೋಟೋ ಹಾಕಿದಾಗಲೂ ಗುಂಪಿನಲ್ಲಿ ಚಪ್ಪಾಳೆಗಳ ಜಡಿಮಳೆ, “ಮಹಾಸಂಚಾರಿಗೆ ಜಯವಾಗಲಿ!” ನೂರು ತುಂಬಿದರೆ ಭಾನುವಾರ ಉಪ್ಪಿನಂಗಡಿಯಲ್ಲಿ ಶಾಲು, ಹಾರ. ಹೆಂಡತಿ ಅಕ್ಕು ಅಂಗಿಗೆ ಇಸ್ತ್ರಿಯನ್ನೂ ಹಾಕಿಟ್ಟಿದ್ದರು.

ಆದರೆ ನೂರನೆಯದು ಸಿಗುತ್ತಲೇ ಇರಲಿಲ್ಲ. ಆ ವಾರ ಹೋದ ಎರಡು ಮನೆಗಳಿಗೂ ಬೀಗ. ಇಂದು ನೆಟ್ಟಣದ ಚನಿಯಪ್ಪನ ಮನೆಗೂ ಬೀಗ. ತಿರುಗಿ ಹೊರಡಬೇಕೆನ್ನುವಾಗ ಜಗಲಿಯಲ್ಲಿ ಮುಚ್ಚಿಟ್ಟ ಚೆಂಬು ಕಂಡಿತು. ತಣ್ಣನೆಯ ನೀರು, ಪಕ್ಕದಲ್ಲಿ ಬೆಲ್ಲ. ಇರುವೆಗೂ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಬಂದವರನ್ನು ಬೆಲ್ಲ-ನೀರು ಕೊಡದೆ ಕಳಿಸುವುದು ಪಾಪ. ಓಡಿಹೋಗುವ ಅವಸರದಲ್ಲೂ ಚನಿಯಪ್ಪ ಆ ಪಾಪಕ್ಕೆ ಹೆದರಿದ್ದ. ಆದರೆ ತಾನು ಬರುವುದು ಅವನಿಗೆ ಗೊತ್ತಾದದ್ದು ಹೇಗೆ? ತ್ಯಾಂಪಣ್ಣ ಯಾರಿಗೂ ಹೇಳಿ ಹೋಗುವವರಲ್ಲ. ಅಂದಂದಿನ ದಾರಿ ತಿಳಿಸುತ್ತಿದ್ದುದು ಒಬ್ಬರಿಗೇ: ಗುಂಪು ಕಟ್ಟಿದ, ಮೊದಲ ಚಪ್ಪಾಳೆ ಹೊಡೆಯುವ, ಬೆಟ್ಟಂಪಾಡಿಯ ಜೀವದ ಗೆಳೆಯ ಸಾಹುಲ್ ಹಮೀದರಿಗೆ.

ಸ್ಕೂಟರ್ ಅಲ್ಲಿಗೇ ಹೋಗಿ ನಿಂತಿತು.

“ಹಮೀದಾಕ, ನನ್ನ ದಾರಿ ಹೇಳಿದ್ದು ನೀವಾ?”

ಸಾಹುಲ್ ತಲೆ ತುರಿಸಿಕೊಂಡರು. “ಎಂತ ಮಾಡುದು ಮಾರಾಯ್ರೆ? ನೀವು ಕೂತರೆ ಊಟ ಆಗಿ, ಚಾ ಆಗಿ, ಸಂಜೆಯಾದ್ರೂ ಬಸ್ಸಿನ ಕಥೆ ಮುಗಿಯುದಿಲ್ಲ. ಎಲ್ಲರೂ ನನಗೆ ಬಯ್ಯುದು.”

“ಹಾಗಾದ್ರೆ ಆ ಚಪ್ಪಾಳೆ?”

“ಅದು... ನೀವು ಬೇರೆಯವರ ಮನೆಗೆ ಹೋದಿರಲ್ಲ, ಆ ಖುಷಿಗೆ. ಭಾನುವಾರ ಬನ್ನಿ, ಶಾಲು ತಂದಾಗಿದೆ.”

ಒಳಗಿನಿಂದ ಸಾಹುಲರ ಹೆಂಡತಿ ಬೀಫಾತುಮ್ಮ ಶರಬತ್ತು ತಂದರು. ತೊಂಬತ್ತೊಂಬತ್ತು ಮನೆಗಳಲ್ಲಿ ಏನನ್ನೂ ಬೇಡವೆನ್ನದ ತ್ಯಾಂಪಣ್ಣ ಲೋಟ ಮುಟ್ಟದೆ ಎದ್ದರು.

“ಚನಿಯಪ್ಪ ಬೀಗ ಹಾಕಿದ್ರೂ ನೀರಿಟ್ಟಿದ್ದ, ಹಮೀದಾಕ. ಅಲ್ಲಿ ಕುಡಿದಾಗಿದೆ.”

ಗೇಟಿನ ಹೊರಗೆ ನಿಂತು ಫೋನು ತೆಗೆದರು. ಮೂವತ್ತು ವರ್ಷ ಸೀಟಿ ಊದಿ ಊರವರನ್ನು ಇಳಿಸಿದವರು, ಬಳಗದಿಂದ ತಾವೇ ಇಳಿದರು. ಅದಕ್ಕೂ ಚಪ್ಪಾಳೆ ಬಿತ್ತೋ ಏನೋ, ನೋಡಲು ಅವರು ಒಳಗಿರಲಿಲ್ಲ.